ನೀರು ಕುಡಿಯದ ಜಸಿಂತ

ಕೊಲ್ಲಂ
೯ ಡಿಸೆಂಬರ್ ೨೦೨೩

ಪ್ರೀತಿಯ ತಂಗಿ ಸೆಲ್ಮಾ,

ಹೇಗಿದ್ದೀಯ? ಮಗುವಿನ ಕೆಮ್ಮು ವಾಸಿಯಾಯಿತೇ? ನಿನ್ನ ಪತ್ರ ಬಂದು ತಿಂಗಳಾಯಿತು. ಉತ್ತರಕ್ಕೆಂದು ಎರಡು ಸಲ ಕೂತು, ಸಿಟ್ಟಿಗೆ ಕಾಗದ ಹರಿದು ಎಸೆದೆ. ಬೇಸರಿಸಬೇಡ.

‘ಚೇಚಿ, ತರಗತಿಯಲ್ಲಿ ಪಾಡ್‌ಕಾಸ್ಟ್ ಹೇಗೆ ಬಳಸುತ್ತೀಯ? ನಾನೂ ಶುರುಮಾಡಬೇಕು’ ಎಂದು ನೀನು ಕೇಳಿದ್ದೆ. ಶುಕ್ರವಾರದ ಕೊನೆಯ ಪೀರಿಯಡ್‌ನಲ್ಲಿ ಪುಟ್ಟ ಸ್ಪೀಕರ್ ಇಟ್ಟು ಎಂಟನೆಯ ಕ್ಲಾಸಿನವರಿಗೆ ತಿಮಿಂಗಿಲದ ವಿಷಯ, ಸುನಾಮಿ ಕಂಡವರ ಮಾತು ಕೇಳಿಸುತ್ತಿದ್ದೆ. ಪುಸ್ತಕ ಕಂಡರೆ ಆಕಳಿಸುವವರೂ ಅಲುಗದೆ ಕೂರುತ್ತಿದ್ದರು. ಆಮೇಲೆ ಸರದಿಯಲ್ಲಿ ನನ್ನ ಫೋನನ್ನೇ ಕೊಟ್ಟು, ‘ಮನೆಯವರ ಕೆಲಸದ ಬಗ್ಗೆ ಅವರ ಬಾಯಲ್ಲೇ ಹೇಳಿಸಿ, ನೀವೇ ಒಂದು ಮಾಡಿ’ ಅಂದೆ.

ಡೆಲ್ಫಿ ಎಂಬ ಹುಡುಗಿ, ಓದು ಅಂದರೆ ತಲೆ ತಗ್ಗಿಸಿ ನಿಲ್ಲುವವಳು, ಸಿಗಡಿ ಸುಲಿಯುವ ಶೆಡ್ಡಿನಲ್ಲಿ ದುಡಿಯುವ ತಾಯಿ ಜಸಿಂತಳನ್ನು ಮಾತಾಡಿಸಿ ರೆಕಾರ್ಡ್ ಮಾಡಿಕೊಂಡು ಬಂದಳು. ಶುಕ್ರವಾರ ಅದನ್ನೇ ಕೇಳಿಸಿದೆ.

‘ಅಮ್ಮಚ್ಚಿ, ಕೆಲಸದಲ್ಲಿ ನೀನ್ಯಾಕೆ ನೀರು ಕುಡಿಯಲ್ಲ?’

‘ಕುಡಿದ್ರೆ ಉಚ್ಚೆಗೆ ಹೋಗ್ಬೇಕಲ್ಲೇ ಹುಚ್ಚಿ! ಅಲ್ಲೆಲ್ಲಿದೆ ಕಕ್ಕಸು? ಕಟ್ಟಿಸ್ತೀನಿ ಕಟ್ಟಿಸ್ತೀನಿ ಅಂತ ಮುದಲಾಳಿ ತನ್ನ ಮನೆಗೇ ಇನ್ನೊಂದು ಮಹಡಿ ಕಟ್ಟಿಸಿದ!’

ತರಗತಿ ಗೊಳ್ಳೆಂದು ನಕ್ಕಿತು. ಆಮೇಲೆ ಯಾರೂ ನಗಲಿಲ್ಲ.

ಶೆಡ್ಡಿನ ಮಾಲೀಕ, ಆ ಮುದಲಾಳಿ ಸುಗತನೇ ನಮ್ಮ ಶಾಲೆಯ ಮ್ಯಾನೇಜರ್. ಗೊತ್ತಿದ್ದೇ ಆ ರೆಕಾರ್ಡಿಂಗನ್ನು ಪಾಲಕರ ವಾಟ್ಸಾಪ್ ಗುಂಪಿಗೆ ಹಾಕಿದೆ, ಅವನೂ ಕೇಳಲಿ ಎಂದು. ಕೇಳಿದ.

‘ಟೀಚರೇ, ನಿಮ್ಮನ್ನ ಇಟ್ಕೊಂಡಿರೋದು ಪಾಠಕ್ಕೆ. ರೇಡಿಯೋ ಸ್ಟೇಷನ್ ನಡೆಸೋಕಲ್ಲ.’

‘ಇದೂ ಪಾಠವೇ ಸಾರ್. ಕಕ್ಕಸು ಕಟ್ಟಿಸಿ, ಅದನ್ನೂ ಕೇಳಿಸ್ತೀವಿ.’

ಹೆಡ್‌ಮಾಸ್ಟರ್ ಪ್ರಭಾಕರನ್ ಪಕ್ಕದಲ್ಲೇ ನಿಂತು, ‘ರೆಜೀನಾ, ಸುಮ್ನಿರಮ್ಮ’ ಎಂದು ಗೋಗರೆದರು. ಸಂಜೆಯೊಳಗೆ ಜಸಿಂತಳಿಗೆ ‘ನಾಳೆಯಿಂದ ಬರಬೇಡ’ ಎಂದಾಯಿತು.

ಮರುದಿನ ಊಟದ ಹೊತ್ತಿನಲ್ಲಿ ನಮ್ಮ ಲೆಕ್ಕದ ಟೀಚರ್ ಹೇಳುತ್ತಾಳೆ: ‘ಆ ಹೆಂಗಸಿಗೆ ನಾಲಿಗೆ ಉದ್ದ.’ ನನ್ನ ಮೈ ಉರಿದುಹೋಯಿತು. ‘ನಿಮಗೆ ಚಿಲಕ ಇರೋ ಕಕ್ಕಸಿದೆ, ಅದಕ್ಕೇ ನಿಮ್ಮ ನಾಲಿಗೆ ಗಿಡ್ಡ!’ ಎಂದು ಡಬ್ಬಿ ಮುಚ್ಚಿ ಎದ್ದೆ.

ಈಗ ಸ್ಪೀಕರ್ ಹೆಡ್‌ಮಾಸ್ಟರರ ಬೀರುವಿನಲ್ಲಿದೆ. ಶುಕ್ರವಾರ ವ್ಯಾಕರಣ ನಡೆಯುತ್ತದೆ. ಡೆಲ್ಫಿ ಮತ್ತೆ ಬಾಯಿ ಬಿಡುತ್ತಿಲ್ಲ.

ನೀನು ಶುರುಮಾಡು ಸೆಲ್ಮಾ, ಖಂಡಿತ ಮಾಡು. ಆದರೆ ಮಕ್ಕಳ ಕೈಗೆ ಫೋನು ಕೊಡುವ ಮೊದಲು, ಅವರ ಜೊತೆ ನಿಲ್ಲುವ ಎದೆಗಾರಿಕೆ ನಿನಗಿದೆಯೇ ಎಂದು ನೋಡಿಕೋ.

ಮಗುವಿಗೆ ನನ್ನ ಮುತ್ತು. ಮಾತೆ ನಿಮ್ಮೆಲ್ಲರನ್ನೂ ಕಾಯಲಿ.

ನಿನ್ನ ಚೇಚಿ,
ರೆಜೀನಾ

ಮರೆತಿದ್ದು: ಮರೆತಿದ್ದಲ್ಲ, ಮುಚ್ಚಿಟ್ಟಿದ್ದೆ. ನನ್ನನ್ನು ಕೆಲಸದಿಂದ ತೆಗೆಯುವ ಕಾಗದವನ್ನು ಹೆಡ್‌ಮಾಸ್ಟರ್ ಮುಂದಿಟ್ಟಾಗ ಗುಂಪಿನಿಂದಲೂ ಫೋನಿನಿಂದಲೂ ಜಸಿಂತಳ ಆ ರೆಕಾರ್ಡಿಂಗನ್ನು ಅಳಿಸಿದವಳು ನಾನೇ. ನಿನ್ನೆ ಜಸಿಂತ ಶಾಲೆಗೆ ಬಂದಳು. ಜಗಳಕ್ಕೆಂದುಕೊಂಡೆ. ‘ಟೀಚರೇ, ಊರೆಲ್ಲ ಕೇಳಿದ್ರಂತೆ, ನಾನೇ ಕೇಳಿಲ್ಲ. ನಮ್ಮನೇಲಿ ಅಂಥ ಫೋನಿಲ್ಲ. ಒಂದ್ಸಲ ಕೇಳಿಸ್ತೀರಾ?’ ಅಂದಳು. ಫೋನಿನಲ್ಲಿ ಚಾರ್ಜ್ ಇಲ್ಲ, ಸೋಮವಾರ ಬಾ ಅಂದೆ.