ನಿಮ್ಮಪ್ಪ ದೊರೆಯ ಮುಂದೆ ಮಂಡಿಯೂರಿದ್ದು

ಫ್ರೂಮ್, ಸಾಮರ್ಸೆಟ್
ಮೇ ತಿಂಗಳ ಮೊದಲ ಭಾನುವಾರ, ೧೬೮೨

ಪ್ರೀತಿಯ ಮಗಳು ತಮ್ಸಿನ್‌ಗೆ ನಿನ್ನ ತಾಯಿ ಉರ್ಸುಲಾ ಮಾಡುವ ಆಶೀರ್ವಾದಗಳು.

ನಾವಿಬ್ಬರೂ ಕ್ಷೇಮ. ನೀನು, ಅಳಿಯಂದಿರು ಹೇಗಿದ್ದೀರಿ? ಅವರ ಕೆಮ್ಮು ಬಿಟ್ಟಿತೆ? ಈಸ್ಟರ್‌ಗೆ ಮುಂಚೆ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಬ್ರಿಸ್ಟಲ್‌ನಲ್ಲಿ ಕೂತು "ಅಮ್ಮನಿಗೆ ನಾನು ಮರೆತೇಹೋದೆ" ಎಂದು ಮುಖ ಊದಿಸಿಕೊಂಡಿರುತ್ತೀಯೆಂದು ನನಗೆ ಗೊತ್ತು. ಬೈಯಬೇಡ ಕಂದ. ನಾನು ಊರಲ್ಲಿರಲಿಲ್ಲ. ಲಂಡನ್ನಿಗೆ ಹೋಗಿದ್ದೆ, ನಿಮ್ಮಪ್ಪನನ್ನು ಕರೆದುಕೊಂಡು, ದೊರೆಯ ಹತ್ತಿರ. ಕೈಯಲ್ಲಿ ಹಾಲಿನ ಪಾತ್ರೆಯಿದ್ದರೆ ಕೆಳಗಿಟ್ಟು ಮುಂದೆ ಓದು.

ಚಳಿಗಾಲದಲ್ಲಿ ನಿಮ್ಮಪ್ಪನ ದವಡೆಯ ಕೆಳಗೆ ಒಂದು ಗಂಟು ಎದ್ದಿತ್ತೆಂದು ಬರೆದಿದ್ದೆನಲ್ಲ, ಅದು ಒಂಟಿಯಾಗಿ ಉಳಿಯಲಿಲ್ಲ. ಒಂದರ ಪಕ್ಕ ಒಂದು ಎದ್ದು ಕೊರಳ ಸುತ್ತ ಸರ ಕಟ್ಟಿದವು, ಎರಡು ಒಡೆದು ಸೋರತೊಡಗಿದವು. ರೊಟ್ಟಿ ನುಂಗಲಾಗದೆ ಬರೀ ಗಂಜಿಯ ಮೇಲೆ ಬದುಕುತ್ತಿದ್ದರು. ಔಷಧಿ ಅಂಗಡಿಯವನು ಬಸವನಹುಳುವನ್ನು ಜೇನಿನಲ್ಲಿ ಅರೆದು ಪಟ್ಟು ಹಾಕಿದ. ಅವರು ನಿದ್ದೆ ಹೋದಾಗ ನಮ್ಮ ಬೆಕ್ಕು ಅದನ್ನು ಚೊಕ್ಕಟವಾಗಿ ನೆಕ್ಕಿಬಿಟ್ಟಿತು. ಬೆಕ್ಕು ಈಗ ಮೈಕೈ ತುಂಬಿಕೊಂಡಿದೆ.

ಕೊನೆಗೆ ಪಾದ್ರಿಗಳು ಬಂದು ನೋಡಿ, "ಇದು ಗಂಡಮಾಲೆ ಕಣಮ್ಮ. ದೊರೆಯ ಕೈ ಸೋಕಿದ್ರೇ ವಾಸಿ. ತಡ ಮಾಡಿದ್ರೆ ಗಂಜಿನೂ ಇಳಿಯಲ್ಲ" ಅಂದರು. ನಿಮ್ಮಪ್ಪನ ವಿಷಯ ನಿನಗೆ ಗೊತ್ತೇ ಇದೆ. ಈಗಿನ ದೊರೆಯ ತಂದೆಯ ತಲೆ ಹಾರಿಸಿದ ಪಾರ್ಲಿಮೆಂಟಿನ ಕಡೆ ಯುದ್ಧಕ್ಕೆ ಹೋದವರು. ರೋಗ ಬಂತೆಂದು ಬುದ್ಧಿ ಬದಲಾಗುವ ಜಾತಿಯಲ್ಲ.

"ಅವರಪ್ಪನ ಮೇಲೆ ಕುದುರೆ ಏರಿ ಹೋದೋನು ನಾನು. ಮಗನ ಮುಂದೆ ಮಂಡಿ ಊರ್ಲಾ?"

"ರೀ, ನೀವು ಕುದುರೆ ಏರಿ ಎಲ್ಲಿಗೆ ಹೋಗಿದ್ರಿ? ಸೈನ್ಯದ ಗಾಡಿಗಳಿಗೆ ಚಕ್ರ ಕಟ್ತಿದ್ರಿ."

"ಚಕ್ರ ಇಲ್ದೆ ಯುದ್ಧ ಗೆಲ್ತಾರೇನೇ?"

ಹಿಡಿದ ಮೊಲಕ್ಕೆ ಮೂರೇ ಕಾಲು. ದೊರೆ ಬೇಡ, ಬೇರೆ ದಾರಿ ಇದೆ ಎಂದು ಹಟ ಹಿಡಿದರು. ನಡುವೆ ಹೆಣ್ಣು ಹುಟ್ಟದೆ ಸಾಲಾಗಿ ಏಳನೆಯ ಗಂಡಾಗಿ ಹುಟ್ಟಿದವನ ಕೈಗೂ ಅದೇ ಗುಣವಿದೆಯೆಂದು ಜನ ಹೇಳುತ್ತಾರಲ್ಲ, ಆ ಲೆಕ್ಕದಲ್ಲಿ ಪಕ್ಕದೂರಿನ ಗಿರಣಿಯ ಹಂಫ್ರಿಯ ಹತ್ತಿರ ಹೋದೆವು. "ದುಡಿಯೋ ಕೈ ಇದು, ಅರಮನೆ ಕೈಗಿಂತ ಮೇಲು" ಎಂದು ನಿಮ್ಮಪ್ಪ ಖುಷಿಯಿಂದ ಕೊರಳು ಚಾಚಿದರು. ಹಂಫ್ರಿ ಹಿಟ್ಟಿನ ಕೈಯಲ್ಲೇ ಸವರಿ ಏನೋ ಮಣಮಣ ಅಂದ. ಅಷ್ಟರಲ್ಲಿ ಅವನ ಮುದಿ ತಾಯಿ ಮೊಟ್ಟೆಯ ಬುಟ್ಟಿ ಹಿಡಿದು ಒಳಗೆ ಬಂದಳು.

"ಏನೋ ಇದು, ಮತ್ತೆ ಶುರು ಮಾಡಿದ್ಯಾ? ಇವನು ಏಳನೆಯವನು ಅಂತ ಯಾರಮ್ಮಾ ಹೇಳಿದ್ದು? ಮೂರನೇದು ಹೆಣ್ಣು. ಅದನ್ನ ಮದುವೆ ಮಾಡಿ ಕಳಿಸಿದ ಮೇಲೆ ಇವನು ಲೆಕ್ಕದಿಂದಲೇ ಬಿಟ್ಟಿದಾನೆ."

ಹಂಫ್ರಿ ತಲೆ ತಗ್ಗಿಸಿದ. ಮೂರು ಹಳ್ಳಿಯ ಜನರ ಕೊರಳು ಸವರಿದ ಕೈ ಅದು. ನಿಮ್ಮಪ್ಪ ಕುತ್ತಿಗೆ ತುಂಬ ಹಿಟ್ಟು ಮೆತ್ತಿಕೊಂಡು ಮನೆಗೆ ಬಂದರು. ನಾನು ದಾರಿಯುದ್ದಕ್ಕೂ ನಕ್ಕೆ. ಆದರೆ ಆ ಸಂಜೆ ಗಂಜಿಯೂ ಅವರ ಗಂಟಲಲ್ಲಿ ನಿಂತು, ಉಸಿರಿಗೆ ಒದ್ದಾಡಿದರು. ಬೆನ್ನು ತಟ್ಟುತ್ತಾ ನಾನು ಅತ್ತೆ. ಮುಚ್ಚಿಡುವುದೇನು, ಜೋರಾಗಿಯೇ ಅತ್ತೆ. ಸ್ವಲ್ಪ ಹೊತ್ತಾದ ಮೇಲೆ ಅವರೇ ಹೇಳಿದರು: "ಆಯ್ತು, ಹೋಗೋಣ. ಆದ್ರೆ ಮಂಡಿ ಮಾತ್ರ ಊರಲ್ಲ."

ಮಂಡಿ ಊರದೆ ದೊರೆ ಮುಟ್ಟುವುದು ಹೇಗೆ? ಅದಕ್ಕೂ ಅವರ ಹತ್ತಿರ ಉಪಾಯವಿತ್ತು. ಟೋಪಿ ಕೈಯಲ್ಲಿ ಹಿಡಿದು ಹೋಗುವುದು, ದೊರೆಯ ಮುಂದೆ ಬೇಕೆಂದೇ ಬೀಳಿಸುವುದು, ಎತ್ತಿಕೊಳ್ಳಲು ಬಗ್ಗುವುದು, ಬಗ್ಗಿದಾಗ ದೊರೆ ಮುಟ್ಟಿಕೊಳ್ಳಲಿ. "ಟೋಪಿಗೆ ಬಗ್ಗಿದ ಹಾಗಾಯ್ತು, ದೊರೆಗಲ್ಲ. ದೇವರಿಗೆ ವ್ಯತ್ಯಾಸ ಗೊತ್ತಾಗುತ್ತೆ." ಲಂಡನ್ ದಾರಿಯ ಪ್ರತಿ ಛತ್ರದಲ್ಲೂ ಇದರ ತಾಲೀಮು ನಡೆಯಿತು. ದೊರೆಯ ಪಾತ್ರ ನನ್ನದು. ಮಂಚದ ಮೇಲೆ ಕೂತು ಕೈ ಚಾಚಬೇಕು, ಅವರು ಟೋಪಿ ಬೀಳಿಸಬೇಕು. ರೆಡಿಂಗ್ ಊರಿನ ಛತ್ರದವಳು ಬಾಗಿಲು ಸಂದಿಯಲ್ಲಿ ಇಣುಕಿ ನೋಡಿ, ಈ ಮುದುಕ ಮುದುಕಿಗೆ ಏನು ಬಂತೋ ಎಂದು ಗಾಬರಿಯಾದಳು.

ಅರಮನೆಯಲ್ಲಿ ಮೊದಲು ದೊರೆಯ ವೈದ್ಯ ಪರೀಕ್ಷೆ ಮಾಡಿ ಚೀಟಿ ಕೊಡಬೇಕು. ದೊರೆ ಕೊರಳಿಗೆ ಹಾಕುವ ಚಿನ್ನದ ಬಿಲ್ಲೆಯ ಆಸೆಗೆ ಕೆಲವರು ಎರಡೆರಡು ಸಲ ಬರುತ್ತಾರಂತೆ. ಆದ್ದರಿಂದ ವೈದ್ಯ ಎಲ್ಲರನ್ನೂ ಕೇಳುತ್ತಿದ್ದ.

"ಹಿಂದೆ ಯಾವತ್ತಾದ್ರೂ ದೊರೆ ನಿನ್ನ ಮುಟ್ಟಿದಾರಾ?"

"ಇಲ್ಲ. ಅವರಪ್ಪನ ಸಿಪಾಯಿ ಒಬ್ಬ ಮುಟ್ಟಿದಾನೆ, ಈಟಿಯಲ್ಲಿ, ತೊಡೆಗೆ."

ನಾನು ಅವರ ಸೊಂಟಕ್ಕೆ ಚಿವುಟಿದೆ. ನಮ್ಮ ಕಥೆ ಮುಗಿಯಿತು ಅಂದುಕೊಂಡೆ. ವೈದ್ಯ ಕೊರಳನ್ನು ಅತ್ತಿತ್ತ ತಿರುಗಿಸಿ ನೋಡಿ, "ಅದು ವಾಸಿಯಾಗಿದೆ ತಾನೆ ತಾತಾ? ಇದೂ ಆಗಲಿ" ಎಂದು ಚೀಟಿ ಕೊಟ್ಟ. ಒಳ್ಳೆಯ ತಾಯಿಯ ಮಗ.

ಮರುದಿನ ಬೆಳಿಗ್ಗೆ ದೊಡ್ಡ ಹಜಾರ. ಜನ ಅಂದರೆ ಜನ. ಬೆವರು, ಕೀವು, ಗುಲಾಬಿ ನೀರು ಎಲ್ಲ ಸೇರಿದ ವಾಸನೆಗೆ ನನಗೆ ತಲೆ ಸುತ್ತು ಬಂತು. ನನ್ನನ್ನು ಕಂಬದ ಹಿಂದೆ ನಿಲ್ಲಿಸಿದರು. ದೊರೆಯ ಮುಖ ಕಾಣಲೇ ಇಲ್ಲ. ಲೇಸಿನ ತೋಳಿನಿಂದ ಹೊರಗೆ ಬರುವ ಕೈ ಮಾತ್ರ ಕಾಣುತ್ತಿತ್ತು. ಎಲ್ಲರ ಕೈಯಂಥದೇ ಕೈ. ಪಕ್ಕದಲ್ಲಿ ಪಾದ್ರಿಯೊಬ್ಬರು ಪ್ರತಿಯೊಬ್ಬರಿಗೂ "ಅವರ ಮೇಲೆ ಕೈಯಿಟ್ಟನು, ಅವರು ಗುಣಹೊಂದಿದರು" ಎಂದು ಓದುತ್ತಿದ್ದರು. ಸಾಲಿನಲ್ಲಿ ನಿಂತ ನಿಮ್ಮಪ್ಪ ಪಕ್ಕದವನಿಗೆ, "ಎಷ್ಟು ಸಲ ಹೇಳ್ತಾನೆ, ದೇವರಿಗೆ ಕಿವಿ ಕೇಳಲ್ವಾ?" ಅಂದದ್ದು ಹಜಾರಕ್ಕೆಲ್ಲ ಕೇಳಿಸಿತು.

ಅವರ ಮುಂದಿದ್ದವನು ಒಂದು ಪುಟ್ಟ ಹುಡುಗಿಯನ್ನು ಎತ್ತಿಕೊಂಡಿದ್ದ. ಅವಳ ಕೊರಳಿಗೆ ಬಟ್ಟೆ ಸುತ್ತಿತ್ತು. ದೊರೆಯ ಕೈ ಸವರಿದಾಗ ಕಚಗುಳಿಯಾಯಿತೋ ಏನೋ, ಕಿಲಕಿಲ ನಕ್ಕುಬಿಟ್ಟಳು. ಆಮೇಲೆ ನಿಮ್ಮಪ್ಪನ ಸರದಿ. ಈಗ ಟೋಪಿ ಬೀಳುತ್ತದೆಂದು ನಾನು ಕಂಬದ ಹಿಂದಿನಿಂದ ಕತ್ತು ಚಾಚಿದೆ.

ಬೀಳಲಿಲ್ಲ ಕಣೇ. ಟೋಪಿಯನ್ನು ಪಕ್ಕದವನ ಕೈಗೆ ಕೊಟ್ಟು, ಯಾರೂ ಹೇಳುವ ಮೊದಲೇ, ಎರಡೂ ಮಂಡಿ ಊರಿ ಕೂತುಬಿಟ್ಟರು. ಕೈ ಸವರಿತು, ಪಾದ್ರಿ ಓದಿದರು, ಮುಂದಿನವನು ಬಂದು ನಿಂತ. ಇವರು ಏಳಲೇ ಇಲ್ಲ. ಕೊನೆಗೆ ಇಬ್ಬರು ಸೇವಕರು ರಟ್ಟೆ ಹಿಡಿದು ಎಬ್ಬಿಸಬೇಕಾಯಿತು. ಇನ್ನೊಂದು ಸುತ್ತಿನಲ್ಲಿ ಬಿಳಿಯ ರೇಷ್ಮೆ ಪಟ್ಟಿಗೆ ಪೋಣಿಸಿದ ಚಿನ್ನದ ಬಿಲ್ಲೆ ಕೊರಳಿಗೆ ಬಿತ್ತು. ಹೊರಗೆ ಬಂದ ಮೇಲೆ ನಾನು ಬಿಡುತ್ತೇನೆಯೆ?

"ಏನ್ರೀ, ಟೋಪಿ ಏನಾಯ್ತು?"

"ಮಂಡಿ ನೋವಿತ್ತು. ಬಗ್ಗಕ್ಕಾಗಲಿಲ್ಲ. ಅದಕ್ಕೆ ಊರಿಬಿಟ್ಟೆ."

ಮಂಡಿ ನೋವಿರುವವರು ಮಂಡಿ ಊರುವುದನ್ನು ನಾನಂತೂ ಎಲ್ಲೂ ಕಂಡಿಲ್ಲ.

ಬಿಲ್ಲೆಯ ಕಥೆ ಕೇಳು. ಅದನ್ನು ಸಾಯುವತನಕ ಕೊರಳಿನಿಂದ ತೆಗೆಯಬಾರದು, ತೆಗೆದರೆ ರೋಗ ಮರಳಿ ಬರುತ್ತದೆ ಎಂದು ಮಕ್ಕಳಿಗೂ ಗೊತ್ತು. ಬರುವಾಗ ಮಾರ್ಲ್‌ಬರೊ ದಾಟಿದ ಮೇಲೆ ಒಂದು ಹಳ್ಳಿಯಲ್ಲಿ ನಿಮ್ಮಪ್ಪ ಗಾಡಿ ನಿಲ್ಲಿಸಿ, "ಹಳೇ ಸ್ನೇಹಿತನ್ನ ನೋಡ್ಬೇಕು, ನೀನು ಇಲ್ಲೇ ಇರು" ಎಂದು ಇಳಿದು ಹೋದರು. ತಿರುಗಿ ಬಂದಾಗ ಕೊರಳಲ್ಲಿ ಬಿಲ್ಲೆಯೂ ಇಲ್ಲ, ಪಟ್ಟಿಯೂ ಇಲ್ಲ. ಕೇಳಿದರೆ "ಎಲ್ಲೋ ಬಿತ್ತು" ಅಂದರು. ಎಲ್ಲೋ ಬೀಳಲು ಅದೇನು ಗುಂಡಿಯೇ? ನಾನು ಬಾಯಿಗೆ ಬಂದಂತೆ ಬೈದೆ. ಗಾಡಿಯವನು ಕುದುರೆಗಳಿಗೆ ನೀರು ಕುಡಿಸುವ ನೆಪದಲ್ಲಿ ದೂರ ಹೋದ. ಹುಡುಕಲು ನಾನೇ ಹೋಗಿಬಂದೆ. ಬರಿಗೈಯಲ್ಲೇ ಬಂದೆ.

ಈಗ ಒಡೆದಿದ್ದ ಗಂಟುಗಳಲ್ಲಿ ಒಂದು ಒಣಗಿದೆ. ನಿನ್ನೆ ನಾನು ಮಾಡಿದ ಗಿಣ್ಣಿನ ಜೊತೆ ರೊಟ್ಟಿಯ ಮೆತ್ತನೆಯ ಭಾಗ ನುಂಗಿದರು. ದೊರೆಯ ಕೈಯೋ, ಹಂಫ್ರಿಯ ಹಿಟ್ಟೋ, ದೇವರಿಗೇ ಗೊತ್ತು. "ಪುಟ್ಟಿಗೆ ಹೇಳು, ಅವಳಪ್ಪ ಅರಮನೆ ನೋಡ್ದ, ಅಲ್ಲಿನ ಗಾಡಿ ಚಕ್ರಗಳು ಏನೇನೂ ಚೆನ್ನಾಗಿಲ್ಲ ಅಂತ" ಎಂದು ಬರೆಯಲು ಹೇಳಿದ್ದಾರೆ.

ಅಳಿಯಂದಿರಿಗೆ ಬೆಚ್ಚಗಿರಲು ಹೇಳು. ದೇವರು ನಿಮ್ಮಿಬ್ಬರ ಮನೆಯನ್ನೂ ಉಸಿರನ್ನೂ ಕಾಯಲಿ. ನಿನ್ನ ಕಣಜ ತುಂಬಿರಲಿ, ಒಲೆ ಆರದಿರಲಿ.

ನಿನ್ನ ತಾಯಿ
ಉರ್ಸುಲಾ ಕೋಲ್ಸ್

ಬೇರೆ ಹಾಳೆಯಲ್ಲಿ ಬರೆದದ್ದು: ಮೇಲಿನ ಕಾಗದವನ್ನು ಅಳಿಯಂದಿರು ಮನೆಮಂದಿಗೆಲ್ಲ ಓದಿ ನಗಿಸುತ್ತಾರೆ, ನಗಿಸಲಿ. ಇದನ್ನು ನೀನೊಬ್ಬಳೇ ಓದು. ಬಿಲ್ಲೆ ಕಳೆದಿಲ್ಲ. ಆ ಹಳ್ಳಿಯಲ್ಲಿ ನಿಮ್ಮಪ್ಪನಿಗೆ ಯಾವ ಸ್ನೇಹಿತನೂ ಇಲ್ಲ. ನೀನು ಹುಟ್ಟುವ ಮೊದಲು ನಾವು ಅಲ್ಲಿದ್ದೆವು. ಅಲ್ಲಿ ನಮಗೊಂದು ಮಗಳಿದ್ದಳು. ಮಾತು ಕಲಿಯುವ ವಯಸ್ಸಿನಲ್ಲಿ ಅವಳ ಕೊರಳಿನಲ್ಲೂ ಇದೇ ಗಂಟು ಎದ್ದವು. ಆಗ ದೇಶದಲ್ಲಿ ದೊರೆಯೇ ಇರಲಿಲ್ಲ. ತಂದೆಯ ತಲೆ ಹೋದ ಮೇಲೆ ಈಗಿನ ದೊರೆ ಓಡಿಹೋಗಿ ಸಮುದ್ರದಾಚೆ ಇದ್ದ, ಅಲ್ಲಿಗೇ ಜನ ಹಡಗು ಹತ್ತಿ ಹೋಗಿ ಮುಟ್ಟಿಸಿಕೊಂಡು ಬರುತ್ತಿದ್ದರು. ನೆರೆಯವಳು ತನ್ನ ಮಗನ ಜೊತೆ ಇವಳನ್ನೂ ಕರೆದೊಯ್ಯುತ್ತೇನೆಂದು ಬಂದು ಕೇಳಿದಳು. "ಅವನ ಕಾಲಿಗೆ ನನ್ನ ಮಗೂನ ಹಾಕಲ್ಲ" ಎಂದು ನಿಮ್ಮಪ್ಪ ಬಾಗಿಲು ಮುಚ್ಚಿದರು. ನೆರೆಯವಳ ಮಗ ಬದುಕಿದ. ನಮ್ಮವಳು ಸುಗ್ಗಿಗೆ ಮುಂಚೆಯೇ ಹೋದಳು.

ನಾನು ಹುಡುಕಿಕೊಂಡು ಹೋದದ್ದು ಚರ್ಚಿನ ಅಂಗಳಕ್ಕೆ. ಅವಳ ಸಮಾಧಿಯ ಮೇಲಿನ ಹುಲ್ಲನ್ನು ಮಣ್ಣಿನ ಸಮೇತ ಚಾಕುವಿನಿಂದ ಕೊಯ್ದು ಮತ್ತೆ ಮುಚ್ಚಿದ್ದರು. ಬಿಳಿ ಪಟ್ಟಿಯ ತುದಿ ಹೊರಗೆ ಕಾಣುತ್ತಿತ್ತು. ಕಿತ್ತು ತಂದು ಅವರ ಕೊರಳಿಗೆ ಹಾಕಬೇಕೆಂದೇ ಕೈ ಹಾಕಿದೆ. ಆಗದೆ, ಒಳಕ್ಕೆ ತಳ್ಳಿ ಮಣ್ಣು ಮುಚ್ಚಿ ಬಂದೆ. ಗಂಟು ಮರಳಿ ಬರುತ್ತದೋ ಎಂದು ದಿನವೂ ಅವರ ಕೊರಳು ಮುಟ್ಟಿ ನೋಡುತ್ತಿದ್ದೇನೆ. ಅವರಿಗೂ ನಾನು ಕಂಡದ್ದು ಗೊತ್ತು. ಗಾಡಿ ಹೊರಟ ಮೇಲೆ, "ಒಬ್ಬರಿಗೆ ಮುಟ್ಟಿದ್ದು ಇನ್ನೊಬ್ಬರಿಗೆ ಸಲ್ಲುತ್ತೇನೇ?" ಎಂದು ಕೇಳಿದರು. ನಾನು ನನ್ನ ಶಾಲು ತೆಗೆದು ಅವರ ಬರಿಗೊರಳಿಗೆ ಸುತ್ತಿದೆ.

ಹೋದ ಮಗುವಿನ ಹೆಸರನ್ನು ಆಮೇಲೆ ಹುಟ್ಟಿದ್ದಕ್ಕೆ ಇಡುವುದು ನಮ್ಮಲ್ಲಿ ಇದ್ದದ್ದೇ. ಅವಳ ಹೆಸರನ್ನು ನಿನಗೆ ಇಟ್ಟವಳು ನಾನು. ಅವರು ನಿನ್ನನ್ನು ಪುಟ್ಟಿ ಎಂದೇ ಕರೆಯುತ್ತಾ ಬಂದರು, ನೀನು ಮದುವೆಯಾಗಿ ಹೋದ ದಿನ ಕೂಡ. ಮೊನ್ನೆ ಗಾಡಿ ಆ ಹಳ್ಳಿ ದಾಟುವಾಗ ಹಿಂದಕ್ಕೆ ತಿರುಗಿ, ಮೆಲ್ಲಗೆ, "ತಮ್ಸಿನ್" ಅಂದರು. ಕರೆದದ್ದು ನಿನ್ನನ್ನಲ್ಲ ಮಗಳೇ.