ಭುಜದ ಮೇಲಿನ ಕಪ್ಪು

ಬಸವೇಶ್ವರನಗರ
11 ನವೆಂಬರ್ 2024

ಪ್ರೀತಿಯ ಅಣ್ಣನಿಗೆ,

ಹೇಗಿದ್ದೀಯ? ರಾಯಚೂರಿನ ನೀರಿಗೆ ಹೊಟ್ಟೆ ಒಗ್ಗಿತೆ? ಬೆನ್ನುನೋವು ಕಡಿಮೆಯಾಯಿತೆ? ಅಪ್ಪನ ಬಿಪಿ ಹತೋಟಿಯಲ್ಲಿದೆ. ಬೆಳಿಗ್ಗೆ ಪಾರ್ಕಿಗೆ ಹೋಗುತ್ತಾರೆ, ಬರುವಾಗ ಯಾರೂ ಕೇಳದಿದ್ದರೂ ಎರಡು ಕಟ್ಟು ಮೆಂತ್ಯ ಸೊಪ್ಪು ತರುತ್ತಾರೆ. ಕ್ಷೇಮಸಮಾಚಾರ ಮುಗಿಯಿತು. ಇನ್ನು ಜಗಳ. ಫೋನಿನಲ್ಲಿ ನನಗೆ ಕೋಪ ಬರುವುದಿಲ್ಲ, ಅಳು ಬರುತ್ತದೆ. ಅದಕ್ಕೇ ಕಾಗದ.

ನಿನ್ನೆ ನಿನ್ನ ಮೆಸೇಜು ಬಂತು. 'ಅಮ್ಮನ ವರ್ಷದ ತಿಥಿ ಇಲ್ಲೇ ಮಠದಲ್ಲಿ ಮಾಡಿಸ್ತೀನಿ, ನೀವು ಬರೋದು ಬೇಡ, ಅಪ್ಪಂಗೆ ಸುಮ್ನೆ ಆಯಾಸ. ಫೋಟೋ ಮಾತ್ರ ದೊಡ್ಡದು ಕಳಿಸು. ಭುಜದ ಮೇಲೆ ಏನೋ ಕಪ್ಪು ಇದೆಯಲ್ಲ, ಅದನ್ನ ತೆಗೆದುಬಿಡು. ನಿಂಗೆ ಎರಡು ನಿಮಿಷದ ಕೆಲಸ.' ಎರಡು ನಿಮಿಷ! ಆ ಫೋಟೋ ತೆಗೆಯಲು ನನಗೆ ಏಳು ತಿಂಗಳು ಬೇಕಾಯಿತು.

ಎಂ.ಎ. ಮುಗಿಸಿ ಮೂಡಲಪಾಳ್ಯದ ದುಂಡೇಶಣ್ಣನ ಸ್ಟುಡಿಯೋ ಸೇರಿದಾಗ ನೀನೇ ನಕ್ಕಿದ್ದೆ, 'ಜನರ ಮುಖ ನೋಡಿ ಮಾತಾಡೋಕೆ ಬರಲ್ಲ, ಫೋಟೋ ತೆಗೀತಾಳಂತೆ' ಅಂತ. ಮಾತಾಡಲು ಬಾರದವಳಿಗೆ ಮುಖ ನೋಡಲು ಬೇರೆ ದಾರಿ ಬೇಕಲ್ಲ. ಮೊದಲ ದಿನವೇ ದುಂಡೇಶಣ್ಣ, 'ಫ್ಲ್ಯಾಶು ಕ್ಯಾಮೆರಾ ತಲೆ ಮೇಲೇ ಕೂತಿದ್ರೆ ಎಲ್ರೂ ಆಧಾರ್ ಕಾರ್ಡೇ ಕಣಮ್ಮ. ಇಳಿಸು, ಪಕ್ಕಕ್ಕೆ ತಗೊಂಡ್ಹೋಗು' ಎಂದರು. ಕ್ಯಾಮೆರಾದ ಮೇಲೊಂದು ಪುಟ್ಟ ಟ್ರಿಗರ್, ದೂರದ ಸ್ಟ್ಯಾಂಡಿನಲ್ಲಿ ಫ್ಲ್ಯಾಶ್. ಇಲ್ಲಿ ಒತ್ತಿದರೆ ಅಲ್ಲಿ ಮಿಂಚಬೇಕು. ಗಿರಾಕಿಗಳ ಮುಂದೆ ಫ್ಲ್ಯಾಶ್ ಎಲ್ಲಿಡಬೇಕೆಂಬುದೇ ಮರೆತುಹೋಗುತ್ತಿತ್ತು. ಹಾಗಾಗಿ ಕಲಿತದ್ದೆಲ್ಲ ಅಮ್ಮನ ಮೇಲೆ. ಸಂಜೆ ಕಾಫಿಯಾದ ಮೇಲೆ ಹಾಲ್‌ನಲ್ಲಿ ಸ್ಟೂಲು ಹಾಕಿಕೊಂಡು ಅವರೆಕಾಯಿ ಬಿಡಿಸುತ್ತ ಕೂರುತ್ತಿದ್ದಳು. ಫ್ಲ್ಯಾಶ್ ತೀರ ಪಕ್ಕಕ್ಕಿಟ್ಟರೆ ಅರ್ಧ ಮುಖ ಕತ್ತಲು, ತೀರ ಮೇಲಿಟ್ಟರೆ ಕಣ್ಣು ಗುಳಿ. ಗೋಡೆಗೆ ತಿರುಗಿಸಿ ಹೊಡೆದರೆ ಅಪ್ಪ ಬಳಿಸಿದ ಪಿಸ್ತಾ ಹಸಿರು ಅವಳ ಕೆನ್ನೆಗೆ ಹತ್ತುತ್ತಿತ್ತು. 'ಪಾಚಿ ಹಿಡಿದ ತೊಟ್ಟಿ ಥರ ಇದೀನಲ್ಲೇ' ಎನ್ನುತ್ತಿದ್ದಳು. ಆದರೂ ಮರುದಿನ ಕೂರುತ್ತಿದ್ದಳು.

ಹೋದ ವರ್ಷ ಯುಗಾದಿಯ ದಿನ ಎಲ್ಲ ಸರಿಹೋಯಿತು. ನೀನು ಬಂದಿದ್ದೆ, ಅಮ್ಮನ ಪಕ್ಕದಲ್ಲೇ ಕೂತಿದ್ದೆ. ಸ್ಟ್ಯಾಂಡಿನ ತಿರುಪು ಸವೆದಿತ್ತೆಂದು ಅಪ್ಪ, ಬೆಳಕು ಮೆತ್ತಗಾಗಲೆಂದು ಬಿಳಿ ಛತ್ರಿ ಕಟ್ಟಿದ ಫ್ಲ್ಯಾಶನ್ನು ನಿನ್ನ ಹಿಂದೆ ನಿಂತು ಎತ್ತಿ ಹಿಡಿದಿದ್ದರು. 'ಮೂವತ್ತು ವರ್ಷಕ್ಕೆ ಈ ಮಹಾನುಭಾವರು ನಂಗೆ ಛತ್ರಿ ಹಿಡಿದ್ರು ನೋಡು' ಎಂದಳು ಅಮ್ಮ. ನೀನು ಅವಳ ಕಿವಿಯಲ್ಲಿ ಏನೋ ಹೇಳಿದೆ. ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅವಳು ನಿನ್ನ ಕಡೆ ತಿರುಗಿ, ಎಂದಿನಂತೆ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳದೆ, ನಕ್ಕಳು. ಒತ್ತಿದೆ.

ಅದಾದ ಎಂಟು ತಿಂಗಳಿಗೆ ಹೋಗಿಬಿಟ್ಟಳು. ಮೂರನೆಯ ದಿನ ಪುಟ್ಟಲಕ್ಷ್ಮಿ ಅತ್ತೆ, 'ಹಾರ ಹಾಕೋ ಫೋಟೋದಲ್ಲಿ ಬದುಕಿರೋರು ಇರಬಾರ್ದು ಕಣೋ, ಅಪಶಕುನ' ಎಂದರು. ನೀನು ನನ್ನನ್ನು ಒಂದು ಮಾತು ಕೇಳದೆ, ಗೇಟಿನ ಹತ್ತಿರ ನಿಂತು ಮೊಬೈಲಿನಲ್ಲೇ ಆ ಫೋಟೋದಿಂದ ನಿನ್ನನ್ನು ಕತ್ತರಿಸಿ, ಹಿಂದೆ ನೀಲಿ ಬಣ್ಣ ತುಂಬಿಸಿ ಪ್ರಿಂಟು ತಂದೆ. ಹದಿಮೂರನೆಯ ದಿನ ಮುಗಿಸಿ ಹೋದವನು ಮತ್ತೆ ಬರಲಿಲ್ಲ. ಆಗಿನಿಂದ ಗೋಡೆಯ ಮೇಲೆ ಅಮ್ಮ ಪಕ್ಕದ ಸ್ವಿಚ್‌ಬೋರ್ಡ್ ನೋಡಿಕೊಂಡು ನಗುತ್ತಿದ್ದಾಳೆ. ಊಟದ ಮಧ್ಯೆ ಅಪ್ಪನೂ ಒಮ್ಮೊಮ್ಮೆ ಆ ಸ್ವಿಚ್‌ಬೋರ್ಡನ್ನೇ ನೋಡುತ್ತಾರೆ.

ಆ ಕಪ್ಪು ಕಲೆಯಲ್ಲ ಅಣ್ಣ. ನಿನ್ನ ನೆರಳು. ಬೆಳಕು ನಿನ್ನ ಹಿಂದಿನಿಂದ ಬರುತ್ತಿತ್ತು, ನಿನ್ನ ಭುಜದ ನೆರಳು ಅವಳ ಸೆರಗಿನ ಮೇಲೆ ಬಿದ್ದಿತ್ತು. ನಿನ್ನ ಮೈ ಕತ್ತರಿಸುವುದು ನಿನಗೆ ಬಂತು, ನೆರಳು ಅಲ್ಲೇ ಉಳಿಯಿತು. ವರ್ಷವಿಡೀ ಮೊಬೈಲಿನಲ್ಲಿ ಅದನ್ನು ನೋಡಿಯೂ ನಿನಗೆ ಗುರುತು ಹತ್ತಲಿಲ್ಲ. ಈಗ ಅದನ್ನೂ ನಾನೇ ಒರೆಸಿ ಕಳಿಸಬೇಕೆ? ಕೈಲಾಗುವುದಿಲ್ಲ ಎಂದಲ್ಲ. ಮದುಮಕ್ಕಳ ಮೊಡವೆ ಒರೆಸುವುದೇ ನನ್ನ ಹೊಟ್ಟೆಪಾಡು. ಇದನ್ನು ಮಾತ್ರ ಮುಟ್ಟುವುದಿಲ್ಲ. ಆಯಾಸದ ನೆಪವನ್ನು ಅಪ್ಪನ ತಲೆಗೆ ಕಟ್ಟಬೇಡ. ಈ ಹಾಲ್‌ಗೆ ಕಾಲಿಡಲು ನಿನಗೆ ಭಯ. ನನಗೂ ಭಯವೇ. ಆದರೆ ನಾನು ದಿನಾ ಇಲ್ಲೇ ಕಸ ಗುಡಿಸುತ್ತೇನೆ.

ಕಾಗದ ನಿನಗೆಂದು ತಿಳಿದು ಅಪ್ಪ ಆಶೀರ್ವಾದ ಬರೆ ಎಂದರು. ಬರೆದಿದ್ದೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ, ಕೋಪ ಇಳಿಯದ ನಿನ್ನ ತಂಗಿ,
ಅಮೂಲ್ಯಾ

ತಾ.ಕ.: ಅಂಚೆಯ ಹೊತ್ತಾಯಿತು, ಬೇಗ ಬರೆಯುತ್ತೇನೆ. ಬೆಳಿಗ್ಗೆ ಆ ನೀಲಿ ಫೋಟೋ ಇಳಿಸಿ, ಅದೇ ಮೊಳೆಗೆ ಯುಗಾದಿಯ ಪೂರ್ತಿ ಫೋಟೋ ಹಾಕಿದೆ. ಅತ್ತೆಗೆ ಗೊತ್ತಾಗಿ ಫೋನಿನಲ್ಲಿ ಕೂಗಾಡಿದರು. ಅಪ್ಪ ಫೋನ್ ಕೆಳಗಿಟ್ಟರು. ಹೊರಗೆ ಹೋಗಿ, ನಾಳೆಯಿಂದ ಹಾರ ಬೇಡವೆಂದು ಹೂವಿನವಳಿಗೆ ಹೇಳಿಬಂದರು. ಬದುಕಿರುವವರಿಗೆ ಹಾಕಬಾರದಂತಲ್ಲ. ನೀನು ಬದುಕಿದ್ದೀಯ ಎಂದು ಈ ಮನೆ ಇನ್ನೂ ನಂಬಿದೆ. ತಿಥಿ ಇಲ್ಲೇ ನಡೆಯುತ್ತದೆ. ಬಂದು ತೋರಿಸು.