ಆಯಿ ಎತ್ತುವ ಚೀಲ

ಜೂನ್ 24, ಬೆಳಿಗ್ಗೆ

ಇವತ್ತೂ ಬಚ್ಚಲ ಬಾಗಿಲ ಹೊರಗೆ ನಿಂತೆ. ಒಳಗೆ ಆಯಿ, ಅಪ್ಪನ ಅವ್ವ. ನೀರಿನ ಸದ್ದು ನಿಂತು ಬಹಳ ಹೊತ್ತಾಗಿತ್ತು. ಕರೆಯಲೇ, ಬೇಡವೇ... ಹೋದ ವಾರ ಕುಳಿತಲ್ಲಿಂದ ಏಳಲಾಗದೆ, ಯಾರನ್ನೂ ಕೂಗದೆ, ಒದ್ದೆ ಸೀರೆಯಲ್ಲೇ ಕುಳಿತಿದ್ದಳು.

"ಜೀವ ಅದ ಬೇ. ಬಾಗಲಾ ಕಾಯಬ್ಯಾಡ," ಒಳಗಿನಿಂದಲೇ ಅಂದಳು.

ಅಪ್ಪ ಹುಬ್ಬಳ್ಳಿಯಿಂದ ಕಮೋಡ್ ಕುರ್ಚಿ ತರುತ್ತಾನಂತೆ. ಪಡಸಾಲೆಯಲ್ಲಿ ಮಂಚ. ಇನ್ನು ನೆಲದ ಮೇಲೆ ಕೂಡುವುದು ಬಂದ್. ಉಣ್ಣುವುದಕ್ಕೂ, ಲಿಂಗಪೂಜೆಗೂ.  

ಜೂನ್ 27

ಡಾಕ್ಟರ್ ಎದೆ, ಬಿ.ಪಿ. ಎಲ್ಲ ನೋಡಿದರು; ಸಕ್ಕರೆ ಕಾಯಿಲೆಗೆ ಅದೇ ಗುಳಿಗೆ ಸಾಕು ಅಂದರು. ಎಲುಬು ಸವೆದಿದೆ. ತೊಡೆಯ ಮಾಂಸ ಕರಗಿದೆ. ಕೂರಿಸಿ ಇಟ್ಟರೆ ಉಳಿದದ್ದೂ ಹೋಗುತ್ತದೆ. ಬಿದ್ದರೆ ಸೊಂಟ ಮುರಿಯುತ್ತದೆ. ಭಾರ ಎತ್ತಿಸಿ, ನಿಜವಾದ ಭಾರ — ಅಂದರು.

ನಮ್ಮೂರು ಸಂಶಿಯಲ್ಲಿ ಬಸ್ಸು ಇಳಿದೆವು. ಅಪ್ಪ ಅಂದ:

"ಎಪ್ಪತ್ತ ದಾಟಿದ ಮುದುಕಿ ಕಡೆ ಹಮಾಲಿ ಮಾಡಸ್ಬೇಕಂತ. ಊರಾಗ ಕೇಳಿದ್ರ ನಗತಾರ."

"ನಾ ಎತ್ತತೇನಿ ಕಾಶಿನಾಥಾ. ಏನಾರ ಆದ್ರ ನನ್ನ ತಲಿ ಮ್ಯಾಲೆ."

"ನಿನ್ನ ತಲಿ ಮ್ಯಾಲಲ್ಲ ಯವ್ವಾ. ಮಗ್ಗಲದಾಗ ನಿಲ್ಲೋಕಿ ಈಕಿ. ಈಕಿ ತಲಿ ಮ್ಯಾಲೆ." ಅಪ್ಪ ನನ್ನ ಕಡೆ ಬೆರಳು ತೋರಿಸಿದ.

ಅಪ್ಪನ ಷರತ್ತು: ಗಣೇಶ ಚೌತಿಯವರೆಗೆ ಕುರ್ಚಿ ತರುವುದಿಲ್ಲ. ಒಮ್ಮೆ ಹೆಚ್ಚುಕಡಿಮೆ ಆದರೂ ಎಲ್ಲ ಬಂದ್. ಎಂ.ಎ. ಮುಗಿಸಿ ಮನೆಯಲ್ಲಿ ಕುಳಿತವಳಿಗೆ ಸಿಕ್ಕ ಮೊದಲ ಕೆಲಸ ಇದು.

ಜುಲೈ 3

ಕುಂದಗೋಳದಿಂದ ಫಿಸಿಯೋ ಸುನೀತಾ ಮೇಡಂ ಬಂದಿದ್ದರು. ಚೀಲಕ್ಕೆ ಜೋಳ ಸುರಿಸಿ, ಬಾಯಿ ಕಟ್ಟಿಸಿದರು. ಬೆನ್ನು ನೇರ. ಎತ್ತುವ ಶಕ್ತಿ ಕಾಲುಗಳಿಂದ ಬರಬೇಕು.

"ಹತ್ತ ಸಲ ಸಲೀಸ ಎತ್ತಿದ್ರಿ ಅಂದ್ರ ಅದು ಭಾರನ ಅಲ್ಲ ಬಿಡ್ರಿ ಆಯಿ. ಆರನೇದಕ್ಕ 'ಸಾಕೋ ಶಿವನ' ಅನ್ನಬೇಕು."

"ಶಿವನ್ನ ನೆನಸಾಕ ನಿಮ್ಮ ಚೀಲ ಯಾಕ ಬೇಕವಾ?"

ಮೇಡಂ ನಕ್ಕರು. ನನಗೆ ನಗು ಬರಲಿಲ್ಲ. ಸೋಮವಾರ, ಗುರುವಾರ. ನಡುವೆ ವಿಶ್ರಾಂತಿ. ಎದೆನೋವು, ತಲೆಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಬೇಕು. ನಾನು ಹಿಂದೆ ನಿಲ್ಲಬೇಕು, ಮುಟ್ಟಬಾರದು. ಮುಟ್ಟದೆ ನಿಲ್ಲುವುದೇ ಕಷ್ಟ.

ಜುಲೈ 22

ಆಯಿ ಪೂಜೆಯ ಮಣೆಯಿಂದ ಒಂದೇ ಕೈ ಊರಿ ಎದ್ದಳು. ಅವ್ವ ನೋಡಿಯೂ ನೋಡದಂತೆ ಹಿಟ್ಟು ನಾದುತ್ತಿದ್ದಳು. ಖುಷಿಪಡಬೇಕಿತ್ತು. ಚೀಲ ದಪ್ಪವಾದಷ್ಟೂ ನಾನು ಒಂದು ಹೆಜ್ಜೆ ಹತ್ತಿರ ನಿಲ್ಲುತ್ತೇನೆ. ಆಯಿಯ ಮೊಣಕಾಲು ಲಟಕ್ ಅಂದರೂ ಬೆವರು — ನನಗೆ.

ಜುಲೈ 28, ಸೋಮವಾರ

ಮೂರನೆಯ ಸಲಕ್ಕೆ ಆಯಿ ಚೀಲ ಬಿಟ್ಟಳು. ಅದರ ಮೇಲೆಯೇ ಕುಸಿದು ಕುಳಿತಳು. ಹಣೆ ತಣ್ಣಗೆ. ಕೂಗಿದೆ — ಅಂಥ ದನಿ ನನ್ನಲ್ಲಿದೆಯೆಂದು ಗೊತ್ತಿರಲಿಲ್ಲ. ಅವ್ವ ಓಡಿ ಬಂದವಳೇ, "ಇವತ್ತ ಆಯಿದು ಒಪ್ಪತ್ತಲ್ಲೇನ?"

ಶ್ರಾವಣ ಸೋಮವಾರ. ರಾತ್ರಿಯವರೆಗೆ ಊಟವಿಲ್ಲ. ಆದರೆ ಸಕ್ಕರೆ ಕಾಯಿಲೆಯ ಗುಳಿಗೆ ಮಾತ್ರ ಎಂದಿನಂತೆ ನುಂಗಿದ್ದಾಳೆ! ನಾನು ಉಪ್ಪಿಟ್ಟು ತಿಂದು ಬಂದು ಎತ್ತಿಸಿದ್ದೇನೆ. ನಮ್ಮ ಮನೆಯಲ್ಲಿ ಉಪವಾಸವನ್ನು ಯಾರೂ ಹೇಳುವುದಿಲ್ಲ, ಯಾರೂ ಕೇಳುವುದಿಲ್ಲ.

ಸಕ್ಕರೆ ನೀರು ಕುಡಿಸಿದೆವು. ಮುಖಕ್ಕೆ ಬಣ್ಣ ಬಂತು. ತಲೆಬಾಗಿಲಲ್ಲಿ ಅಪ್ಪ, ಕಾಲಿಗೆ ಹೊಲದ ಎರೆಮಣ್ಣು. ಎಲ್ಲ ನೋಡಿದ್ದ. ಚೀಲ ಬಿಚ್ಚಿ ಜೋಳವನ್ನು ಕಾಳು ತುಂಬಿಡುವ ದೊಡ್ಡ ಡ್ರಮ್ಮಿಗೆ ಸುರಿದ.

ಆಗಸ್ಟ್ 1

ಕುರ್ಚಿ ಬಂದಿದೆ. ಇನ್ನೂ ಪ್ಲಾಸ್ಟಿಕ್ ಬಿಚ್ಚಿಲ್ಲ.

ಡಾಕ್ಟರಿಗೆ ಫೋನ್ ಮಾಡಿದೆ. ಎತ್ತುವ ದಿನ ಬದಲಿಸಿದರೂ ಸಾಲದು, ಆ ಗುಳಿಗೆ ತೆಗೆದುಕೊಂಡು ಉಪವಾಸ ಇರುವಂತೆಯೇ ಇಲ್ಲ ಅಂದರು. ಇದನ್ನು ಅಪ್ಪನಿಗೆ ಹೇಳಬೇಕು. ಮನಸ್ಸಿನಲ್ಲೇ ವಾಕ್ಯ ಕಟ್ಟಿದೆ, ತಿದ್ದಿದೆ. ಊಟಕ್ಕೆ ಕುಳಿತಾಗ ಬಾಯಿ ತೆರೆದೆ... ಮಜ್ಜಿಗೆ ಕೇಳಿದೆ.

ಆಗಸ್ಟ್ 3, ಸಂಜೆ

ಹೇಳಿದೆ. "ತಪ್ಪು ಚೀಲದ್ದಲ್ಲ ಅಪ್ಪಾ. ಉಪವಾಸದ್ದು."

"ಹಂಗಾರ ಶ್ರಾವಣ ಬಿಡು ಅಂತ ನೀನ ಹೇಳು ಆಕಿಗೆ. ಹೇಳ್ತೀಯೇನ?"

ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಆಯಿ ಒಂದು ಶ್ರಾವಣ ಸೋಮವಾರವನ್ನೂ ತಪ್ಪಿಸಿಲ್ಲ.

ಗೋಡೆಗೆ ಒರಗಿ ಕಾಳು ಆರಿಸುತ್ತಿದ್ದ ಆಯಿ ತಲೆಯೆತ್ತದೆಯೇ ಅಂದಳು, "ಆಕಿ ಯಾಕ ಹೇಳ್ಬೇಕು? ನನಗ ಕಿವಿ ಅದಾವ. ಶಿವನ ಮುಂದ ಕುಂತು, ಎಬ್ಬಸರಪಾ ಅಂತ ಮಂದಿನ್ನ ಕರಿಯೂದು ಎಂಥಾ ಪೂಜಿ?" ಒಂದು ಕಲ್ಲು ಆರಿಸಿ ಎಸೆದಳು. "ಮಹಾನಂದಾ, ನಾಳೆ ನಸಿಕಿನ್ಯಾಗ ನನಗೊಂದು ರೊಟ್ಟಿ ಬಡಿ."

ಅವ್ವ ಒಮ್ಮೆ ಆಯಿಯ ಮುಖ ನೋಡಿ, ಹಿಟ್ಟಿನ ಡಬ್ಬಿ ಕೆಳಗಿಳಿಸಿದಳು. ಅಪ್ಪ ಎದ್ದು ಹೊರಗೆ ಹೋದ.

ಆಗಸ್ಟ್ 4, ಸೋಮವಾರ ಬೆಳಿಗ್ಗೆ

ಆಯಿ ಪೂಜೆ ಮುಗಿಸಿದಳು. ರೊಟ್ಟಿ ಮುರಿದು, ಮೊದಲ ತುತ್ತನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದಿದ್ದಳು. ಕಣ್ಣು ಮುಚ್ಚಿ ತಿಂದಳು. ಪೂರ್ತಿ ತಿಂದಳು.

ಈಗ ಹೊಸ್ತಿಲ ಮೇಲೆ ಕುಳಿತು ಬರೆಯುತ್ತಿದ್ದೇನೆ. ಅಂಗಳದಲ್ಲಿ ಅಪ್ಪ ತಾನೇ ಚೀಲ ತುಂಬುತ್ತಿದ್ದಾನೆ. ನನಗೆ ನಂಬಿಕೆ ಬರುತ್ತಿಲ್ಲ.

"ಹಾಕು, ಇನ್ನೂ ಹಾಕು. ಹೋದ ಸಲದಷ್ಟು ಆಗಿಲ್ಲ."

"ಸಾಕಬೇ ಯವ್ವಾ."

"ಸೊಸಿಗೆ ಸೀರಿ ತರೋಮುಂದ ಮಾಡಿದಂಗ ಕಂಜೂಸತನ ಮಾಡಬ್ಯಾಡ. ಹಾಕು."

ಒಳಗೆ ಅವ್ವ ನಕ್ಕಳು. ಅಪ್ಪ ಸುರಿದ. ನೆಟ್ಟಗೆ ನಿಂತು ನನ್ನ ಕಡೆ ನೋಡಿದ.

"ಬರಿಯೂದು ಸಾಕು. ಹಿಂದ ನಿಲ್ಲೋರ್ಯಾರು, ನೀನೋ ನಾನೋ?"

ನಾನು, ಅಂದೆ. ಆಯಿ ಆಗಲೇ ಮೊಣಕಾಲು ಮಡಚಿ ಚೀಲ ಹಿಡಿದಿದ್ದಾಳೆ, ಎದ್ದೆ.